ನನ್ನಾಣೆ, ಇದೊಂದು ತುಣುಕು

ನಮ್ಮ ಮನೆಯ ಪಾತ್ರೆಗಳಲ್ಲೆಲ್ಲ ಅತಿ ಚಿಕ್ಕದು ನಾನು ಉಣ್ಣುವ ಬಟ್ಟಲು. ಅದರ ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ 'ಚಿ. ಸಿಂಚನಾ' ಎಂದು ಕೊರೆದಿದೆ. ಸಿಂಚನಾ ನನ್ನ ಮೊಮ್ಮಗಳು. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಬೀಗರ ಕಡೆಯವರು ಯಾರೋ ತಂದುಕೊಟ್ಟ ಬಟ್ಟಲದು. ಅವಳೀಗ ಎರಡನೇ ಕ್ಲಾಸು, ದೊಡ್ಡ ತಾಟಿಗೆ ಬಡ್ತಿ ಪಡೆದಿದ್ದಾಳೆ. ಅವಳು ತೆರವು ಮಾಡಿದ ಜಾಗಕ್ಕೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ನೇಮಕವಾಗಿದ್ದೇನೆ.

ನಾಲ್ಕು ಚಮಚ ಮೆತ್ತಗಿನ ಅನ್ನ, ಎರಡು ಚಮಚ ಬೇಳೆ, ಮೇಲೊಂದಿಷ್ಟು ಮೊಸರು. ಇಷ್ಟಕ್ಕೆ ಬಟ್ಟಲು ತುಂಬುತ್ತದೆ, ಇಷ್ಟಕ್ಕೇ ನಾನೂ ತುಂಬುತ್ತೇನೆ. ಆದರೆ ಇಷ್ಟನ್ನು ನುಣ್ಣಗಾಗುವ ತನಕ ಅಗಿಯುತ್ತ ಅರ್ಧ ತಾಸು ಕೂರಬೇಕು, ನಡುವೆ ನೀರು ಮುಟ್ಟುವಂತಿಲ್ಲ, ಅವಸರ ಮಾಡುವಂತಿಲ್ಲ. ಒಬ್ಬಳೇ ಗೋಡೆ ನೋಡುತ್ತ ಅರ್ಧ ತಾಸು ಅಗಿಯುವುದು ಹೇಗಿರುತ್ತದೆಂದು ನೀವು ಕೇಳಬಹುದು. ಮೆಲುಕು ಹಾಕುವ ಎಮ್ಮೆಗಾದರೂ ಪಕ್ಕದಲ್ಲಿ ಇನ್ನೊಂದು ಎಮ್ಮೆ ಇರುತ್ತದೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಒಂದು ಕಾಲಕ್ಕೆ ನನ್ನ ತೂಕ ನೂರಾ ಹದಿನಾಲ್ಕು ಕಿಲೋ. ಸಕ್ಕರೆ ಕಾಯಿಲೆ ಇತ್ತು, ಮೊಣಕಾಲು ಹೋಗಿದ್ದವು. ಮೊಣಕಾಲಿನ ಡಾಕ್ಟರು ತೂಕ ಇಳಿಸಿಕೊಂಡು ಬಾ ಎಂದರು. ಸಕ್ಕರೆಯ ಡಾಕ್ಟರು ತೂಕ ಇಳಿಯಬೇಕಾದರೆ ನಡೆ ಎಂದರು. ನಡೆಯುವುದಕ್ಕೆ ಮೊಣಕಾಲು ಬೇಕಿತ್ತು. ಹೀಗೆ ಇಬ್ಬರು ವಿದ್ವಾಂಸರ ನಡುವೆ ಎರಡು ವರ್ಷ ಗಾಣದ ಎತ್ತಿನಂತೆ ತಿರುಗಿದ ಮೇಲೆ ಮೂರನೆಯವರೊಬ್ಬರು ಸಿಕ್ಕರು. ಹೊಟ್ಟೆಯ ಚೀಲವನ್ನೇ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸುತ್ತೇವೆ ಎಂದರು. ಮಗ ಹೆದರಿದ, ಸೊಸೆ ಶೈಲಾ ಅತ್ತಳು, ನಾನು ಮಾತ್ರ "ಕೊಯ್ರಿ" ಎಂದೆ. ಕೊಯ್ದರು. ಒಂದು ವರ್ಷದಲ್ಲಿ ನನ್ನ ಮೈಯಿಂದ ಒಬ್ಬ ಸಣ್ಣ ಹುಡುಗಿಯಷ್ಟು ಭಾರ ಎದ್ದುಹೋಯಿತು. ಇನ್ಸುಲಿನ್ ಬಿಟ್ಟಿತು. ಕೊಟ್ಟೂರಿನ ಸಂತೆಗೆ ನಡೆದೇ ಹೋಗಿ ನಡೆದೇ ಬರುತ್ತೇನೆ. ತೋಳಿನ ಚರ್ಮ ಮಾತ್ರ ಒಣಹಾಕಿದ ಟವೆಲ್ಲಿನಂತೆ ಜೋತಾಡುತ್ತದೆ. ಆಡಲಿ, ಯಾರು ನೋಡಬೇಕು?

ನೋಡುವವರು ಇದ್ದರು. ಓಣಿಯ ಹೆಂಗಸರು ಶೈಲಾಳನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡು, "ನಿಮ್ಮತ್ತಿಗೆ ಏನಾಗೈತವ್ವ, ದೊಡ್ಡ ರೋಗ ಅಂತ ಮಂದಿ ಮಾತಾಡ್ತಾರ" ಎಂದು ಕೇಳುತ್ತಿದ್ದರು. ದಪ್ಪಗಿದ್ದಾಗ ಹಿಂದಿನಿಂದ ನಕ್ಕವರೇ ಈಗ ಎದುರಿಗೆ ಬಂದು ಲೊಚಗುಟ್ಟಿದರು. ಅದನ್ನು ನಾನು ಲೆಕ್ಕಕ್ಕಿಡಲಿಲ್ಲ. ತಡೆಯಲಾಗದ್ದು ಮನೆಯವರ ಕರುಣೆ. ನನ್ನೆದುರಿಗೆ ಉಂಡರೆ ನನ್ನ ಹೊಟ್ಟೆ ಉರಿದೀತೆಂದು ಮಗ, ಸೊಸೆ, ಮೊಮ್ಮಗಳು ಒಳಕೋಣೆಯಲ್ಲಿ ಕೂತು ಸದ್ದಿಲ್ಲದೆ ಉಂಡು ಬರುತ್ತಿದ್ದರು. "ಅಜ್ಜಿ ಮುಂದ ಹೋಳಿಗಿ ಅನಬ್ಯಾಡ" ಎಂದು ಮಗುವಿಗೆ ಪಾಠ ಬೇರೆ. ನನಗೆ ಹಸಿವು ಹೋಗಿ ವರ್ಷವಾಗಿತ್ತು. ಬೇಕಿದ್ದುದು ಹೋಳಿಗೆಯಲ್ಲ, ಪಕ್ಕದಲ್ಲಿ ಬಾಯಾಡಿಸುವ ಒಬ್ಬ ನರಮನುಷ್ಯ. ಅದನ್ನು ಕೇಳುವುದು ಹೇಗೆ? ನೂರಾರು ಜನರಿಗೆ ಬಡಿಸಿದ ಹೆಂಗಸು, ಬಂದು ನನ್ನ ಪಕ್ಕ ಉಣ್ಣಿರಿ ಎಂದು ಸ್ವಂತ ಮಗನನ್ನು ಬೇಡುವುದಕ್ಕೆ ನಾಲಿಗೆ ಏಳಲಿಲ್ಲ.

ಆಗ ಸಿಕ್ಕಿದ್ದು ಬಸಣ್ಣನ ಗುಂಪು. ಬಸಣ್ಣ ಹರಪನಹಳ್ಳಿಯವನು, ಬಸ್ ಕಂಡಕ್ಟರು. ಮುಂಚೆ ಅವನು ಟಿಕೆಟ್ ಕೊಡಲು ಬಸ್ಸಿನ ನಡುವೆ ಬಂದರೆ ನಿಂತವರೆಲ್ಲ ಕೂತವರ ತೊಡೆಯ ಮೇಲೆ ಕೂರಬೇಕಾಗುತ್ತಿತ್ತಂತೆ. ಅವನೂ ಕೊಯ್ಯಿಸಿಕೊಂಡ. ನಮ್ಮ ಸುತ್ತಲಿನ ಐದು ತಾಲೂಕುಗಳಲ್ಲಿ ಹೀಗೆ ಹೊಟ್ಟೆ ಕಳೆದುಕೊಂಡ ಎಂಟು ಜನರನ್ನು ಹುಡುಕಿ ಫೋನಿನಲ್ಲಿ ಒಂದು ಗುಂಪು ಕಟ್ಟಿದ. ಕೂದಲು ಉದುರುತ್ತಿದೆ ಏನು ಮಾಡಲಿ, ಮೆಣಸಿನಕಾಯಿ ಬಜ್ಜಿ ಯಾವಾಗ ತಿನ್ನಬಹುದು ಎಂಬಂಥ ಪ್ರಶ್ನೆಗಳು ಬೆಳಗಿನಿಂದ ಸಂಜೆಯ ತನಕ ಅದರಲ್ಲಿ ಹರಿದಾಡುತ್ತಿದ್ದವು. ತಿಂಗಳಿಗೊಮ್ಮೆ ಹಗರಿಬೊಮ್ಮನಹಳ್ಳಿಯ ಒಂದು ಸಮುದಾಯ ಭವನದ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಎಲ್ಲರ ಕೈಯಲ್ಲೂ ಒಂದೊಂದು ಪುಟ್ಟ ಡಬ್ಬಿ.

ರತ್ನಮ್ಮ ಆ ಗುಂಪಿಗೆ ಕಡೆಯದಾಗಿ ಬಂದವಳು. ಹಡಗಲಿ ತಾಲೂಕಿನ ಮಾಗಳದವಳು, ಅಂಗನವಾಡಿಯಲ್ಲಿ ಕೆಲಸ, ವಯಸ್ಸು ನಲವತ್ತರ ಆಸುಪಾಸು. ಆಪರೇಷನ್ ಆದ ನಾಲ್ಕನೇ ದಿನ ನನಗೆ ಫೋನು ಮಾಡಿದಳು.

"ಯಕ್ಕಾ, ಗುಟುಕು ನೀರು ಕುಡುದ್ರ ಎದಿಯಾಗ ನಿಂತಂಗ ಆಗ್ತೈತಿ. ನಿನಗೂ ಹಿಂಗ ಆಗಿತ್ತೇನು?"

"ಆಗಿತ್ತು. ಹಕ್ಕಿ ಕುಡುದಂಗ ಕುಡಿ. ಸಾಯಂಗಿಲ್ಲ."

"ಎಲ್ಲಾರೂ ಸಮಾಧಾನ ಮಾಡ್ಕೋ ಅಂತಾರ. ಸಾಯಂಗಿಲ್ಲ ಅಂತ ನೆಟ್ಟಗ ಹೇಳಿದಾಕಿ ನೀನಽ ನೋಡು" ಎಂದು ನಕ್ಕಳು. ಅಂದಿನಿಂದ ದಿನಾ ಫೋನು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತವೆಂದು ಅತ್ತ ದಿನ, "ನನ್ನವೂ ಹೋಗಿದ್ವು, ಮತ್ತ ಬಂದಾವ, ಬಂದಾಗ ಹಿಂದಿನಕಿಂತ ಕೆಟ್ಟು ಬಂದಾವ" ಎಂದೆ. ಅಳುತ್ತಲೇ ನಕ್ಕಳು. ನನ್ನ ದಿನದಲ್ಲಿ ಯಾರೋ ಒಬ್ಬರು ಬಂದು ಕೂತಂತಾಗಿತ್ತು.

ಇಲ್ಲಿ ನಮ್ಮ ಕಡೆಯ ಬಡಿಸುವ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ನಾನು ಮಾಡಿದ ಘನಕಾರ್ಯ ನಿಮಗೆ ಹುಚ್ಚುತನವಾಗಿ ಕಂಡೀತು. ನಮ್ಮಲ್ಲಿ ಬಡಿಸುವುದೆಂದರೆ ಒಂದು ನಮೂನೆಯ ಕುಸ್ತಿ. ಉಣ್ಣುವವರು ಸಾಕು ಎಂದರೆ ಇನ್ನೂ ಒಂದು ರೊಟ್ಟಿ ಎಂದು ತಿಳಿಯಬೇಕು. ಒಲ್ಲೆ ಎಂದರೆ ಅರ್ಧ ರೊಟ್ಟಿ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ. ಅದಕ್ಕೂ ಮಣಿಯದ ಗಟ್ಟಿಗರಿಗೆ ಬ್ರಹ್ಮಾಸ್ತ್ರವೆಂದರೆ ಆಣೆ. "ನನ್ನಾಣಿ ಐತಿ, ಇದೊಂದು ತುಣುಕು" ಎಂದುಬಿಟ್ಟರೆ ಮುಗಿಯಿತು. ತಿನ್ನದೆ ಎದ್ದರೆ ಆಣೆ ಹಾಕಿದವರಿಗೆ ಕೇಡು. ಈ ಶಾಸ್ತ್ರದಲ್ಲಿ ನಾನು ಪಂಡಿತೆ. ನನ್ನ ಆಣೆಗೆ ಸೋಲದೆ ಎದ್ದ ಬೀಗರು ಈ ಸೀಮೆಯಲ್ಲಿಲ್ಲ ಎಂಬ ಜಂಬ ನನಗಿತ್ತು.

ಒಂದು ತಿಂಗಳು ಕಟ್ಟೆ ಬೇಡ, ನಮ್ಮ ಮನೆಗೇ ಬನ್ನಿ ಎಂದು ಗುಂಪನ್ನು ಕರೆದೆ. ಬೆಳಗಿನಿಂದ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬುತ್ತ ಕೂತವಳನ್ನು ನೋಡಿ ಶೈಲಾ ಬಾಗಿಲಲ್ಲೇ ನಿಂತಳು.

"ಅತ್ತಿ, ಎಂಟೂ ಮಂದೀದು ಕೂಡ್ಸಿದ್ರ ಒಂದು ಹೊಟ್ಟಿ ಆಗಂಗಿಲ್ಲ. ಇಷ್ಟು ಬ್ಯಾಳಿ ಯಾರಿಗ್ರೀ?"

"ಬಂದೋರ ಮುಂದ ಚಮಚ ಇಟ್ಟು ಕಳಸ್ಲೇನು? ಮಂದಿ ಏನಂದಾರು?"

"ಬರೋರಽ ಆ ಮಂದಿ ಅಲ್ಲೇನ್ರೀ ಅತ್ತಿ, ಅವರೇನಂತಾರ!"

ಅವಳ ಮಾತು ಸರಿಯಾಗಿತ್ತು. ಸೊಸೆಯ ಮಾತು ಸರಿಯಿದ್ದಾಗ ಕೇಳುವ ಅಭ್ಯಾಸ ನನಗಿರಲಿಲ್ಲ.

ಪಡಸಾಲೆಯಲ್ಲಿ ಸಾಲಾಗಿ ಕೂತರು. ತಾಟಿನ ತುಂಬ ಹೋಳಿಗೆ, ಪಲ್ಯ, ಚಿತ್ರಾನ್ನ, ಕಟ್ಟಿನ ಸಾರು. ಬಸಣ್ಣ ತನ್ನ ತಾಟನ್ನು ಗೌರವದಿಂದ ನೋಡಿ, "ಅಮ್ಮಾ, ಇದನ್ನ ನೋಡಿದ್ರೆ ಡ್ಯೂಟಿ ನೆನಪಾಗ್ತೈತೆ. ಐವತ್ತು ಸೀಟಿಗೆ ನೂರು ಜನ, ಮೇಲೆ ಟಾಪಿನಾಗೂ ಲೋಡು" ಎಂದ. ಎಲ್ಲರೂ ನಕ್ಕು, ಒಂದೊಂದು ಚಮಚ ಸಾರು ಬಾಯಿಗಿಟ್ಟುಕೊಂಡು ಚಮಚ ಕೆಳಗಿಟ್ಟರು. ನಾನು ಹೋಳಿಗೆಯ ಬುಟ್ಟಿ ಹಿಡಿದು ಹೊರಟೆ. ಪಳಗಿದವರೆಲ್ಲ ನಮಸ್ಕಾರ ಹೊಡೆದು ಪಾರಾದರು. ಕೊನೆಯಲ್ಲಿ ಕೂತವಳು ರತ್ನಮ್ಮ. ಅವಳಿಗೆ ಆಪರೇಷನ್ ಆಗಿ ಮೂರು ತಿಂಗಳಷ್ಟೆ.

"ಯಕ್ಕಾ, ಒಲ್ಲೆ. ಸಿಹಿ ಅಂದ್ರ ಅಂಜಿಕಿ ಆಗ್ತೈತಿ."

"ನಮ್ಮ ಮನಿಗೆ ಮೊದಲ್ನೇ ಸಲ ಬಂದಾಕಿ ಬಾಯಿ ಸಿಹಿ ಮಾಡ್ದಂಗ ಹೋಕ್ಕೀಯೇನು? ನನ್ನಾಣಿ ಐತಿ ನೋಡು, ಇದೊಂದು ತುಣುಕು."

ನನಗೆ ಗೊತ್ತಿರಲಿಲ್ಲ ಎನ್ನಲೇ? ಗೊತ್ತಿತ್ತು. ಕೊಯ್ಯಿಸಿಕೊಂಡ ಹೊಸದರಲ್ಲಿ ಸಿಹಿ ತಿಂದು ನಾನೇ ಒಮ್ಮೆ ಬೆವರಿ ನೆಲಕ್ಕೆ ಒರಗಿದ್ದೆ. ಆದರೆ ವರ್ಷದಿಂದ ನನ್ನ ಕೈಯಡುಗೆಯನ್ನು ಯಾರೂ ನನ್ನ ಕಣ್ಣೆದುರಿಗೆ ತಿಂದಿರಲಿಲ್ಲ. ಒಬ್ಬರಾದರೂ ತಿನ್ನುವುದನ್ನು ನೋಡಬೇಕಿತ್ತು. ಅವಳು ತಿಂದಳು. "ಭಾಳ ಚಲೋ ಆಗೈತಿ ಯಕ್ಕ" ಎಂದಳು. ಆ ಒಂದು ಮಾತಿಗೆ ಹಿಗ್ಗಿ, ಮತ್ತೊಮ್ಮೆ ಆಣೆ ಹಾಕಿ, ಮತ್ತೊಂದು ತುಣುಕು ಬಡಿಸಿದೆ. ಅದನ್ನೂ ತಿಂದಳು.

ಸ್ವಲ್ಪ ಹೊತ್ತಿಗೆ ಅವಳ ಹಣೆಯ ತುಂಬ ಬೆವರು ಒಡೆಯಿತು, ಎದೆ ಹೊಡೆದುಕೊಳ್ಳತೊಡಗಿತು, ಆಮೇಲೆ ವಾಂತಿ, ನಿಲ್ಲದ ವಾಂತಿ. ಬಸಣ್ಣ ಆಟೋ ತಂದ. ಆಸ್ಪತ್ರೆಯಲ್ಲಿ ಮಲಗಿಸಿ ಬಾಟಲಿ ಏರಿಸಿದರು. ಏನು ತಿಂದಿರಿ ಎಂದು ಡಾಕ್ಟರು ಗದರಿದಾಗ ರತ್ನಮ್ಮ ನನ್ನ ಕಡೆ ಒಮ್ಮೆ ನೋಡಿ, "ನಾನಽ ಆಸಿಗೆ ಬಿದ್ದು ಹೋಳಿಗಿ ತಿಂದೆ ಸರ್" ಎಂದಳು. ಸಂಜೆ ಅವಳ ತಮ್ಮ ಬಂದು ಕರೆದುಕೊಂಡು ಹೋದ. ಮರುದಿನದಿಂದ ಅವಳು ಫೋನು ಎತ್ತಲಿಲ್ಲ. ಮೂರನೆಯ ದಿನ ಅವಳು ಗುಂಪು ಬಿಟ್ಟಿದ್ದಾಳೆಂದು ಫೋನು ತಾನಾಗಿ ಒಂದು ಸಾಲು ತೋರಿಸಿತು.

ಉಳಿದ ಹೋಳಿಗೆಯನ್ನು ಓಣಿ ಎರಡು ದಿನ ತಿಂದಿತು. ನಾನು ಬಟ್ಟಲು ಹಿಡಿದು ಗೋಡೆಯೆದುರು ಕೂತೆ. ದಿನವೂ ಫೋನು ಹಚ್ಚುವುದು, ಅದು ಪೂರ್ತಿ ಹೊಡೆದುಕೊಂಡು ನಿಲ್ಲುವುದು. ನಾನು ಸಂಕಟ ಎಂಬ ಶಬ್ದವನ್ನು ಸುಮ್ಮಸುಮ್ಮನೆ ಬಳಸುವವಳಲ್ಲ. ಇಪ್ಪತ್ತು ದಿನ ನಾಲ್ಕು ಚಮಚ ಅನ್ನಕ್ಕೆ ಒಂದು ತಾಸು ಹಿಡಿಯಿತು, ಅದಕ್ಕೆ ಆಪರೇಷನ್ ಕಾರಣವಲ್ಲ ಎಂದರೆ ಸಾಕು.

ಇಪ್ಪತ್ತೊಂದನೆಯ ದಿನ, ಭಾನುವಾರ, ಮಾಗಳಕ್ಕೆ ಹೊರಟೆ. ಹೊರಡುವಾಗ ಒಂದು ಧರ್ಮಸಂಕಟ ಎದುರಾಯಿತು. ಒಬ್ಬರ ಮನೆಗೆ ಕೈ ಬೀಸಿಕೊಂಡು ಹೋದವಳಲ್ಲ ನಾನು. ತಿನ್ನುವುದನ್ನು ಒಯ್ಯುವ ಮುಖ ಉಳಿದಿರಲಿಲ್ಲ. ಮಲ್ಲಿಗೆ ಒಯ್ಯೋಣವೆಂದರೆ ಹಡಗಲಿ ಸೀಮೆಯವರಿಗೇ ಮಲ್ಲಿಗೆ ಒಯ್ಯುವುದು ಹೊಳೆಗೆ ನೀರು ಹೊತ್ತಂತೆ. ಕಡೆಗೆ ನನ್ನ ಬಟ್ಟಲೊಂದನ್ನೇ ಚೀಲಕ್ಕೆ ಹಾಕಿಕೊಂಡೆ. ಹಡಗಲಿಯಲ್ಲಿ ಬಸ್ಸು ಬದಲಿಸಿ ಮಾಗಳದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ರತ್ನಮ್ಮ ಬಾಗಿಲು ತೆರೆದು, "ಬಾ" ಎಂದಳು. ಅಕ್ಕ ಎನ್ನಲಿಲ್ಲ. ನೀರೂ ಕೊಡಲಿಲ್ಲ. ಗೋಡೆಗೊರಗಿ ಕೂತಳು, ಕೆನ್ನೆ ಇಳಿದಿತ್ತು, ಬೈತಲೆ ಅಗಲವಾಗಿತ್ತು.

"ಬೈದುಬಿಡು" ಎಂದೆ. "ಬೈಸಿಕೊಳ್ಳಾಕಽ ಬಂದೀನಿ."

"ಏನಂತ ಬೈಲಿ? ಅತ್ತಿ ಮನಿಯೋರು, ತವರುಮನಿಯೋರು, ಎಲ್ಲಾರೂ ತಿನ್ನು ತಿನ್ನು ಅಂತ ಜೀವ ತಿಂದ್ರು. ಯಾರಿಗೂ ಬಗ್ಗಲಿಲ್ಲ ನಾನು. ಬ್ಯಾಡ ಅಂದ್ರ ಬ್ಯಾಡ ಅಂತ ತಿಳ್ಕೊಳ್ಳಾಕಿ ನೀನೊಬ್ಬಾಕಿ ಅದೀ ಅನ್ಕೊಂಡಿದ್ದೆ."

"ಮತ್ತ ನನಗ್ಯಾಕ ಬಗ್ಗಿದಿ? ಒಗೀಬೇಕಿತ್ತು ತಾಟು."

"ನಿನ್ನಾಣಿ ಅಂದೆಲ್ಲಕ್ಕ" ಎಂದಳು, ದನಿ ಸಣ್ಣದಾಗಿತ್ತು. "ನಾ ತಿನ್ನದಂಗ ಎದ್ದು, ನಿನಗೇನರ ಆಗಿದ್ರ?"

ನಲವತ್ತು ವರ್ಷ ನಾನು ಆಣೆಯನ್ನು ಉಪ್ಪಿನಂತೆ ಉದುರಿಸಿದ್ದೆ. ಅದನ್ನು ನಿಜವೆಂದು ನಂಬಿ, ನನ್ನ ಜೀವ ಉಳಿಸಲೆಂದು ಯಾರಾದರೂ ತಿಂದಿರಬಹುದೆಂದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

"ಆಣಿಗೆ ಸಾಯಂಗಿದ್ರ ನಾ ಯಾವತ್ತೋ ಸತ್ತು ಮಣ್ಣಾಗಬೇಕಿತ್ತಲ್ಲೇ ಹುಚ್ಚಿ" ಎಂದೆ. ಬೇರೇನಾದರೂ ಒಳ್ಳೆಯದು ಹೇಳಬೇಕಿತ್ತು. ತೋಚಿದ್ದು ಅಷ್ಟೆ.

ಊಟದ ಹೊತ್ತಾಯಿತು. ಅವಳು ಒಳಗೆ ಹೋಗಿ ಮೆತ್ತಗಿನ ಅನ್ನ, ಬೇಳೆ ತಂದು ತನ್ನ ಬಟ್ಟಲಿಗೆ ಹಾಕಿಕೊಂಡಳು. ನಾನು ಚೀಲದಿಂದ ನನ್ನದನ್ನು ತೆಗೆದು ಮುಂದಿಟ್ಟೆ. ಅಂಚಿನ ಮೇಲಿನ ಹೆಸರು ಓದಿ ಅವಳ ತುಟಿಯ ಮೂಲೆ ಸ್ವಲ್ಪ ಸಡಿಲವಾಯಿತು. ಮೂರು ಚಮಚ ಬಡಿಸಿ, ಚಮಚ ಹಿಂದಕ್ಕಿಟ್ಟು, "ಇನ್ನೊಂದು ಹಾಕ್ಲೇನು ಅಂತ ನಾ ಕೇಳಂಗಿಲ್ಲ, ನೋಡು ಮತ್ತ" ಎಂದಳು. ಇಬ್ಬರೂ ಅಕ್ಕಪಕ್ಕ ಕೂತು ಅರ್ಧ ತಾಸು ಅಗಿದೆವು. ಒತ್ತಾಯವಿಲ್ಲದ ಊಟವನ್ನು ನಾನು ಕಂಡಿದ್ದು ಅದೇ ಮೊದಲು. ಮೊದಮೊದಲು ಅದು ಅವಮಾನದಂತೆ ಅನಿಸಿತು. ಆಮೇಲೆ, ಭಾರವಾದ ಕೊಡ ಇಳಿಸಿದ ಮೇಲೆ ಸೊಂಟಕ್ಕೆ ಆಗುವಂಥದ್ದೇನೋ ಆಯಿತು.

ಗುಂಪಿಗೆ ಅವಳು ಮರಳಲಿಲ್ಲ. ನಾನೂ ಕರೆಯಲಿಲ್ಲ. ಮಾಗಳಕ್ಕೆ ಮೇಲಿಂದ ಮೇಲೆ ಹೋಗಿ ಬರುವಷ್ಟು ಹತ್ತಿರದ ದಾರಿಯೂ ಅದಲ್ಲ. ಪಕ್ಕದಲ್ಲಿ ಕೂತು ಉಣ್ಣಿರಿ ಎಂದು ಮನೆಯಲ್ಲಿ ಬಾಯಿಬಿಟ್ಟು ಕೇಳಿದೆ. ಈಗ ಭಾನುವಾರ ನನ್ನ ಪಕ್ಕದಲ್ಲೇ ತಾಟು ಹಾಕುತ್ತಾರೆ, ಹತ್ತು ನಿಮಿಷಕ್ಕೆ ಉಂಡು ಏಳುತ್ತಾರೆ. ಅವರದೇನೂ ತಪ್ಪಿಲ್ಲ, ಅವರ ಹೊಟ್ಟೆಯ ವೇಗವೇ ಬೇರೆ. ಉಳಿದ ಇಪ್ಪತ್ತು ನಿಮಿಷ ಮತ್ತೆ ನಾನು, ಗೋಡೆ.

ಉಳಿದ ದಿನಗಳಲ್ಲಿ, ಅಂಗನವಾಡಿಯ ಮಕ್ಕಳ ಊಟ ಮುಗಿದ ಮೇಲೆ, ಒಂದೂವರೆಯ ಹೊತ್ತಿಗೆ ನನ್ನ ಫೋನು ಹೊಡೆದುಕೊಳ್ಳುತ್ತದೆ. ಅದನ್ನು ಬಟ್ಟಲಿನ ಪಕ್ಕದಲ್ಲಿ, ದನಿ ಹೊರಗೆ ಕೇಳುವಂತೆ ಮಾಡಿ ಇಡುತ್ತೇನೆ. ಮಾತಾಡುವುದಿಲ್ಲ, ಬಾಯಲ್ಲಿ ಅನ್ನವಿರುತ್ತದೆ. ಅತ್ತ ಚಮಚ ತಗುಲಿದ ಸದ್ದು, ಯಾವುದೋ ಮಗು ಟೀಚರ್ ಎಂದು ಕೂಗುವ ಸದ್ದು. ಇತ್ತ ನಮ್ಮ ಓಣಿಯ ಕೋಳಿ. ನಿನ್ನೆ ಅವಳು ನಡುವೆಯೇ, "ಯಕ್ಕಾ, ನನಗ ಇವತ್ತು ಸಾಕಾತು" ಎಂದಳು.

ನನ್ನ ನಾಲಿಗೆಯ ತುದಿಗೆ ಹಳೆಯ ಆಣೆ ಓಡೋಡಿ ಬಂತು. ಅಗಿಯುತ್ತಿದ್ದ ಅನ್ನದ ಜೊತೆ ಅದನ್ನೂ ನುಣ್ಣಗೆ ಅಗಿದು ನುಂಗಿದೆ.

"ಸಾಕಾದ್ರ ಸಾಕು ಬಿಡವ್ವ" ಎಂದೆ.

ಅವಳು ಫೋನು ಇಡಲಿಲ್ಲ. ನನ್ನ ಬಟ್ಟಲು ಖಾಲಿಯಾಗುವ ತನಕ, ಅತ್ತ ಕಡೆ, ಸುಮ್ಮನೆ ಕೂತಿದ್ದಳು.