ತಳಕಿಗೆ ಲೈನ್ ಇಲ್ಲ

ಮೊನ್ನೆ ಚಳ್ಳಕೆರೆಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಕಪ್ಪು ಫೋನು ಬಿದ್ದಿತ್ತು. ಸುಮ್ಮನೆ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಧೂಳು, ಹಳೆಯ ಎಂಜಲಿನ ಅದೇ ವಾಸನೆ... ತಳಕಿನ ಮೇಷ್ಟ್ರು ಎದುರಿಗೆ ಬಂದು ನಿಂತಂತಾಯಿತು.

ಆಗ ನಾನು ಚಳ್ಳಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮೊಳಕಾಲ್ಮೂರಿನಿಂದ ತಳಕಿಗೆ ಯಾರೇ ಮಾತಾಡಬೇಕಾದರೂ ನನ್ನ ಬೋರ್ಡಿನ ಮೂಲಕವೇ ಹೋಗಬೇಕಿತ್ತು. ಮೇಷ್ಟ್ರು ನಿವೃತ್ತರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ತಾವೇ ಸಾಕಿ, ಮೊಳಕಾಲ್ಮೂರಿನ ನೇಕಾರರ ಮನೆಗೆ ಕೊಟ್ಟಿದ್ದರು. ಅವಳು ಬಸುರಿಯಾದಾಗ, ಬೇಕೆನಿಸಿದಾಗ ಅವಳ ಮಾತು ಕೇಳಲಿಕ್ಕೆಂದೇ ಮನೆಗೆ ಫೋನು ಹಾಕಿಸಿಕೊಂಡರು. ಅದು ಒಂದು ವಾರ ನೆಟ್ಟಗೆ ನಡೆದಿದ್ದರೆ ಹೆಚ್ಚು.

ಫೋನು ಕೆಟ್ಟಿದೆ ಎಂದು ಹೇಳಲು ಅವರು ಬಸ್ಸು ಹತ್ತಿಯೇ ಬರಬೇಕಿತ್ತು. ಬರುತ್ತಿದ್ದರು. ಕಿಟಕಿಯ ಬಳಿ ನಿಂತು, ದೂರಿನ ಪುಸ್ತಕದಲ್ಲಿ ದುಂಡಗೆ ಬರೆದು, ಸಹಿ ಹಾಕಿ ಹೋಗುತ್ತಿದ್ದರು. ಒಮ್ಮೆಯೂ ದನಿ ಏರಿಸಲಿಲ್ಲ. ದಾರಿಯಲ್ಲಿ ತಂತಿ ಕಳುವಾಗಿದೆ, ಹೊಸದು ಬಂದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ತಿಂಗಳ ಕೊನೆಗೆ ಯಾವ ದೂರೂ ಬಾಕಿ ಇರಬಾರದೆಂದು ಮೇಲಿನವರ ಅಪ್ಪಣೆ. ಅವರ ಸಹಿಯ ಪಕ್ಕದಲ್ಲಿ ‘ಸರಿಪಡಿಸಲಾಗಿದೆ’ ಎಂದು ನಾನೇ ಬರೆಯುತ್ತಿದ್ದೆ. ಎಷ್ಟು ಸಲ ಬರೆದೆನೋ...

ಒಂದು ಬೆಳಿಗ್ಗೆ ಮೊಳಕಾಲ್ಮೂರಿನ ಸೀರೆ ಅಂಗಡಿಯೊಂದರಿಂದ ಕರೆ ಬಂತು. ಮೇಷ್ಟ್ರ ಮಗಳು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತ್ತು. ಅಪ್ಪನಿಗೆ ಲೈನ್ ಕೊಡಿ ಎಂದಳು. ತಳಕಿಗೆ ಲೈನ್ ಇಲ್ಲಮ್ಮ ಎಂದೆ.

“ಅಕ್ಕ, ನಮ್ಮಪ್ಪಂಗೆ ಹೆಂಗಾರ ಹೇಳ್ರಿ. ಆಸ್ಪತ್ರೆಗೆ ಕರ್ಕೊಂಡೋಗ್ತಾ ಅವ್ರೆ. ಅಪ್ಪ ಬರೋಗಂಟ ಧೈರ್ಯವಾಗಿರ್ತೀನಿ.”

ತಳಕಿನ ಕಡೆ ಹೊರಟ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿದೆ. ಚೀಟಿ ತಲುಪಿತು. ಮೇಷ್ಟ್ರು ಸಿಕ್ಕ ಬಸ್ಸು ಹಿಡಿದು ಹೋದರು. ಅವರು ಮುಟ್ಟುವಷ್ಟರಲ್ಲಿ ಮಗಳೂ ಇಲ್ಲ, ಮಗುವೂ ಇಲ್ಲ.

ಹದಿನೈದು ದಿನದ ಮೇಲೆ ಕಿಟಕಿಯ ಬಳಿ ಬಂದು ನಿಂತರು. ನಾನು ತಲೆ ಎತ್ತದೆ ದೂರಿನ ಪುಸ್ತಕ ಮುಂದಿಟ್ಟೆ. ಒಂದೆರಡು ಪುಟ ಹಿಂದಕ್ಕೆ ತಿರುವಿದರು. ನಾನು ಬರೆದದ್ದನ್ನು ಓದಿದರೋ ಏನೋ... ಆಮೇಲೆ ಪುಸ್ತಕವನ್ನು ನಿಧಾನಕ್ಕೆ ನನ್ನ ಕಡೆಗೇ ಸರಿಸಿದರು.

“ಬರಿಯೋಕೇನೂ ಇಲ್ಲ ತಾಯಿ. ಅವಳು ನನ್ನ ಕರೆದಾಗ ಆ ದನಿ ಕೇಳಿದೋರು ನೀವೊಬ್ರೇ. ಹೆಂಗಿತ್ತು?”

ನಡುಗುತ್ತಿತ್ತು ಎನ್ನಲು ಬಾಯಿ ಬರಲಿಲ್ಲ. ಧೈರ್ಯವಾಗಿತ್ತು ಮೇಷ್ಟ್ರೇ ಎಂದೆ. ಅವಳು ಆಡಿದ ಮಾತನ್ನು ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಮತ್ತೂ ಒಮ್ಮೆ. ಬೋರ್ಡಿನಲ್ಲಿ ಕರೆಗಳು ಬರುತ್ತಲೇ ಇದ್ದವು, ನಾನು ಎತ್ತಿಕೊಳ್ಳಲಿಲ್ಲ. ಬರ್ತೀನಮ್ಮ ಎಂದು ಹೊರಟವರು ಮತ್ತೆ ಬರಲಿಲ್ಲ. ಅವರೂ ಹೋದರೆಂದು ಬಹಳ ಕಾಲದ ನಂತರ ಯಾರೋ ಹೇಳಿದರು.

ಈಗ ನನಗೂ ಅವರಷ್ಟೇ ವಯಸ್ಸು. ಮೂರು ದಿನದಿಂದ ಆ ಹುಡುಗಿಯ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೇನೆ. ಮಾತು ಒಂದೊಂದೂ ನೆನಪಿದೆ. ದನಿ ಮಾತ್ರ ಬರುತ್ತಿಲ್ಲ.