ನರಹರಿ ಕಾಕಾನ ವಿಮಾನದ ಲೆಕ್ಕ

ನಾರಾಯಣಗೂಡದ ನಮ್ಮ ಮಂದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಫೋನು ಹೋಗುವುದು ನರಹರಿ ಕಾಕಾನಿಗೆ. ಆಚಾರ್ಯರನ್ನು ಕರೆಸುವುದು, ಬಿದಿರು ತರಿಸುವುದು, ಸ್ಮಶಾನಕ್ಕೆ ಹೇಳಿಡುವುದು ಎಲ್ಲ ಅವರದೇ. ನಿವೃತ್ತಿಯಾದ ಮೇಲೆ ಈ ಮನುಷ್ಯ ಹಚ್ಚಿಕೊಂಡ ನೌಕರಿ ಇದು. ಪುಕ್ಕಟೆ ಮಾಡುತ್ತಾರೆ, ಅದಕ್ಕೇ ಯಾರೂ ಎದುರಾಡುವುದಿಲ್ಲ. ನನಗೆ ಮಾತ್ರ ಈಗ ಅವರನ್ನು ಕಂಡರೆ ಮೈ ಉರಿಯುತ್ತದೆ.

ಪರವೂರಿನ ಮಕ್ಕಳಿಗಾಗಿ ಎಷ್ಟು ಹೊತ್ತು ಕಾಯಬೇಕೆಂಬುದನ್ನೂ ಕಾಕಾನೇ ಹೇಳಬೇಕು. ಮೊಬೈಲಿನಲ್ಲಿ ಎರಡು ಊರಿನ ಹೆಸರು ಹಾಕಿ, ದೂರ ಎಷ್ಟು, ವಿಮಾನಕ್ಕೆ ಎಷ್ಟು ಹೊತ್ತು ಎಂದು ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಜನ್ಮದಲ್ಲಿ ವಿಮಾನ ಹತ್ತಿದವರಲ್ಲ, ಪುಣ್ಯಾತ್ಮ.

ಹೋದ ವರ್ಷ ನಮ್ಮ ಪಕ್ಕದ ಮನೆಯ ಭವಾನಿಬಾಯಿ ಬೆಳಗಿನ ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟರು. ಮಗ ಸುಶಾಂತ ಜೊತೆಗೇ ಇದ್ದ. ಮಗಳು ಮೃಣಾಲಿನಿ ಪುಣೆಯಲ್ಲಿ ಶಾಲೆಯ ಟೀಚರು. ನಾನು ಅವ್ವನ ಮುಖ ನೋಡುವ ತನಕ ಒಯ್ಯಬೇಡಿ ಎಂದು ಫೋನಿನಲ್ಲಿ ಅತ್ತಳು. ಕಾಕಾ ಮೊಬೈಲು ನೋಡಿದರು. ಐನೂರು ಕಿಲೋಮೀಟರು, ಒಂದು ತಾಸು ಇಪ್ಪತ್ತು ನಿಮಿಷ. ಮಧ್ಯಾಹ್ನಕ್ಕೆ ಬಂದುಬಿಡುತ್ತಾಳೆ, ಕಾಯೋಣ ಎಂದರು.

ನೇರ ವಿಮಾನದಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿ ಇನ್ನೊಂದು ವಿಮಾನಕ್ಕೆ ಕಾದು, ಸುತ್ತಿ ಬರಬೇಕಾಯಿತು. ಇತ್ತ ಹೊತ್ತು ಇಳಿಯತೊಡಗಿತು. ಹೆಣ ಇರುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಸೂರ್ಯ ಮುಳುಗಿದರೆ ಸುಡುವಂತಿಲ್ಲ. ಕೂತವರು ಗುಸುಗುಸು ಶುರುಮಾಡಿದರು. ಅಕ್ಕ ಬೆಂಗಳೂರಿನಲ್ಲಿದ್ದಾಳೆ ಎಂದು ಸುಶಾಂತ ಎರಡು ಸಲ ಹೇಳಿದ. ಕಾಕಾ ಮೊಬೈಲನ್ನು ಅವನ ಮುಖಕ್ಕೆ ಹಿಡಿದರು.

“ಪುಣೆ ಇಲ್ಲೇ ಅದಪಾ. ಬರಬೇಕಂದಾಕಿ ಇಷ್ಟೊತ್ತಿಗೆ ಎರಡು ಸರ್ತಿ ಬಂದು ಹೋಗ್ತಿದ್ಲು. ಏಳ್ರಿ, ಎತ್ರಿ.”

ಐಸು ತರಿಸಿ ಬೆಳಿಗ್ಗೆ ಒಯ್ಯೋಣ ಎಂದು ನಾನಂದೆ. ಹೆಂಗಸರು ಇದರಲ್ಲಿ ಬಾಯಿ ಹಾಕಬಾರದಂತೆ. ಸುಶಾಂತ ತಲೆ ತಗ್ಗಿಸಿ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಅವನ ಮೇಲೂ ನನಗೆ ಸಿಟ್ಟಿದೆ.

ಮೃಣಾಲಿನಿ ಬಂದಾಗ ಗಂಡಸರು ಸ್ಮಶಾನದಿಂದ ಮರಳಿ ಸ್ನಾನ ಮುಗಿಸಿದ್ದರು. ನೆಲ ತೊಳೆದು, ಭವಾನಿಬಾಯಿಯನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದೆವು. ಅವಳು ಬ್ಯಾಗು ಹೆಗಲಿನಿಂದ ಇಳಿಸದೆ ಆ ದೀಪವನ್ನೇ ನೋಡಿದಳು. ಬೈಯಲಿ, ಈ ಮನುಷ್ಯನ ಮಾನ ಹರಾಜು ಹಾಕಲಿ ಎಂದು ಕಾಯುತ್ತಿದ್ದೆ. ಅವಳು ಬೈಯಲಿಲ್ಲ. ಕಾಕಾನ ಎದುರಿಗೆ ಹೋಗಿ ಕುಳಿತಳು.

“ಕಾಕಾ, ಮುಂಜಾನಿಂದ ಅವ್ವನ ತಲಿ ಹತ್ರಾನೇ ಕೂತಿದ್ರಂತ. ಮುಖಾ ಹ್ಯಾಂಗಿತ್ತು, ಹೇಳ್ರಿ. ಯಾವ ಸೀರಿ ಉಟ್ಟಿದ್ಲು?”

ಕಾಕಾ ಸುಶಾಂತನ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ನಾ ನೋಡ್ಲಿಲ್ಲವ್ವಾ,” ಎಂದರು. “ಹೊತ್ತು ನೋಡಿಕೋತ ಕೂತಿದ್ದೆ.”