ಅಪ್ಪನ ತಲೆಗೆ ಅಕ್ಕ ಹಚ್ಚಿದ ಕಪ್ಪು

ನಾನು ಚಿಕ್ಕವನಿದ್ದಾಗ, ಅಂದರೆ ಅವ್ವ ತೀರಿಕೊಂಡ ವರ್ಷ, ಪಾರಿಶ್ವಾಡದ ನಮ್ಮ ಮನೆಯ ಹಿತ್ತಲಲ್ಲಿ ಅಕ್ಕ ಅಪ್ಪನ ತಲೆಗೆ ಕಪ್ಪು ಬಣ್ಣ ಹಚ್ಚಿದಳು. ಅಂದು ಸುಡುವ ಬಿಸಿಲಿತ್ತು ಎಂದು ನನ್ನ ನೆನಪು. ಮೋಡ ಮುಸುಕಿತ್ತು ಎನ್ನುತ್ತಾಳೆ ಅಕ್ಕ. ಮಕ್ಕಳೇ, ನೀವು ಯಾರನ್ನು ನಂಬುವಿರೋ ನಂಬಿ. ನನಗೇ ನನ್ನ ನೆನಪಿನ ಮೇಲೆ ಪೂರ್ತಿ ಭರವಸೆಯಿಲ್ಲ.

ಅವ್ವ ಹೋದ ಮೇಲೆ ಅಪ್ಪನ ಕೂದಲು ಬೇಗ ಬೆಳ್ಳಗಾಯಿತು. ಬೆನ್ನೂ ಬಾಗಿತು. ಕುರಿ ಮೇಯಿಸಿ ಬಂದವನು ಕಂಬಳಿ ಕೂಡ ಕೊಡವದೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬೆಳಗಾವಿಯಲ್ಲಿದ್ದ ಮಾಮಾ, ಅಂದರೆ ಅವ್ವನ ಅಣ್ಣ, ಒಮ್ಮೆ ಬಂದವನು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಮುದುಕನಾಗಿದ್ದೀ, ಇಬ್ಬರನ್ನು ಹೇಗೆ ಸಾಕುತ್ತೀ, ಮುಂದಿನ ಸಂತೆಯ ದಿನ ಬಂದು ಸಣ್ಣವನನ್ನು ಒಯ್ಯುತ್ತೇನೆ ಎಂದು ಹೇಳಿ ಹೋದ. ಸಣ್ಣವನು ನಾನು. ಅಂದಿನಿಂದ ಅಕ್ಕ ನನ್ನ ಅಂಗಿಯ ಚುಂಗು ಹಿಡಿದೇ ಮಲಗುತ್ತಿದ್ದಳು.

ಅಕ್ಕನಿಗೆ ಆಗ ಹನ್ನೆರಡೋ ಹದಿಮೂರೋ. ಅಪ್ಪ ಮುದುಕನಂತೆ ಕಾಣದಿದ್ದರೆ ಮಾಮಾ ನನ್ನನ್ನು ಬಿಟ್ಟು ಹೋಗುತ್ತಾನೆ ಎಂದು ಅವಳಿಗೆ ಹೊಳೆಯಿತು. ಕಂಬಳಿಯ ಅಂಚಿನ ನೂಲಿಗೆ ಅವ್ವ ಕಪ್ಪು ಏರಿಸುತ್ತಿದ್ದುದನ್ನು ಅವಳು ನೋಡಿದ್ದಳು. ಹಾಗೆಯೇ ಕಾಡಿನ ಅಳಲೆಕಾಯಿ ಜಜ್ಜಿ, ತುಕ್ಕು ಹಿಡಿದ ಎತ್ತಿನ ಲಾಳದ ಜೊತೆ ಕಬ್ಬಿಣದ ಬಾಣಲೆಯಲ್ಲಿ ಕುದಿಸಿ ಮುಚ್ಚಿಟ್ಟಳು. ನೀರು ಕಾಡಿಗೆಯಂತಾಯಿತು. ಅದರ ಒಗರು ವಾಸನೆ ಮನೆಯೆಲ್ಲ ತುಂಬಿ, ಬಾಯಲ್ಲಿ ಮೊಳೆ ಇಟ್ಟುಕೊಂಡಂತೆ ಅನಿಸುತ್ತಿತ್ತು.

ಸಂತೆಯ ದಿನ ಬೆಳಿಗ್ಗೆ ಅವಳು ಅಪ್ಪನನ್ನು ಕರೆದು ಕಲ್ಲಿನ ಮೇಲೆ ಕೂರಿಸಿದಳು.

"ಮಾಮಾ ಬರ್ತಾನ. ನೀ ಹರೇದಾವ ಕಾಣಬೇಕು."

ಅಪ್ಪ ನಕ್ಕ. ಅವ್ವ ಹೋದ ಮೇಲೆ ನಾನು ಕಂಡ ಮೊದಲ ನಗು. "ಕುರಿಗೆ ಗುರುತು ಹಚ್ಚಿದಂಗ ಹಚ್ಚಬ್ಯಾಡವಾ. ಸಂತ್ಯಾಗ ಯಾರರ ಹೊಡಕೊಂಡ ಹೋದಾರು."

ಬಣ್ಣ ಅವನ ಕಿವಿಯ ಹಿಂದೆ ತಣ್ಣಗೆ ಇಳಿಯುತ್ತಿತ್ತು. ಅಕ್ಕ ತನ್ನ ಲಂಗದ ತುದಿಯಿಂದಲೇ ಒರೆಸಿದಳು. ಅವಳ ಅಂಗೈ, ಉಗುರು ಎಲ್ಲ ಕಪ್ಪಾದವು. ತೊಳೆದು ಒಣಗಿದ ಮೇಲೆ ಅಪ್ಪ ಖರೇನೇ ಬೇರೆಯವನಂತೆ ಕಂಡ. ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು.

ಒಂದು ವಿಷಯ ಅಕ್ಕನಿಗೆ ಗೊತ್ತಿರಲಿಲ್ಲ. ಹೆಂಡತಿ ಸತ್ತ ವರ್ಷ ತುಂಬುವ ಮೊದಲೇ ಗಂಡಸು ಸಿಂಗರಿಸಿಕೊಂಡರೆ ನಮ್ಮ ಕಡೆ ಜನ ಅದಕ್ಕೆ ಒಂದೇ ಅರ್ಥ ಕೊಡುತ್ತಿದ್ದರು. ಅಪ್ಪನಿಗೆ ಗೊತ್ತಿರಲೇಬೇಕು. ಆದರೂ ಯಾಕೆ ಕೂತ? ಮಗಳ ಕೈ ತಲೆಯ ಮೇಲಿದ್ದಾಗ ಏಳಲಾಗಲಿಲ್ಲವೇನೋ.

ಮಾಮಾ ಬಂದ. ಅಪ್ಪನ ತಲೆ ನೋಡಿದ. ಕೊಟ್ಟ ನೀರನ್ನು ಮುಟ್ಟಲಿಲ್ಲ.

"ನನ್ನ ತಂಗಿ ಹೋಗಿ ವರ್ಸ ತುಂಬಿಲ್ಲ. ಆಗಲೇ ಮದಿಮಗ ಆಗಾಕ ನಿಂತೀಯೇನು?"

ಮಗಳು ಹಚ್ಚಿದಳು ಎಂದು ಅಪ್ಪ ಹೇಳಿದ್ದರೆ ಸಾಕಿತ್ತು. ಆಗ ಅಕ್ಕ ಇಬ್ಬರ ನಡುವೆ ಬಂದು ಎರಡೂ ಅಂಗೈ ಚಾಚಿದಳು.

"ನಾ ಹಚ್ಚೀನ್ರಿ ಮಾಮಾ. ಅಪ್ಪ ಮುದುಕ ಅಲ್ಲರಿ. ತಮ್ಮನ್ನ ಒಯ್ಯಬ್ಯಾಡ್ರಿ."

ನನ್ನ ನೆನಪಿನಲ್ಲಿ ಮಾಮಾ ಕಣ್ಣೊರೆಸಿಕೊಂಡು ನೀರು ಕುಡಿದು, ಒಬ್ಬನೇ ಬಸ್ಸು ಹತ್ತಿ ಹೋಗುತ್ತಾನೆ. ಆದರೆ ಅದು ನಿಜವಿರಲಾರದು. ನಾನು ಅಕ್ಷರ ಕಲಿತ ಸಾಲೆ ಬೆಳಗಾವಿಯದು.

ನಡೆದದ್ದನ್ನು ಅಕ್ಕ ಹೇಳುತ್ತಾಳೆ. ಮಾಮಾ ಕಣ್ಣೊರೆಸಿಕೊಂಡದ್ದು ಹೌದು. ಆಮೇಲೆ ಅಪ್ಪನಿಗೆ ಮೆಲ್ಲಗೆ ಅಂದನಂತೆ, "ನೋಡಪಾ, ಈ ಮನ್ಯಾಗ ಯಾರು ಯಾರನ್ನ ಸಾಕಾಕತ್ತಾರ?" ಅಪ್ಪ ಅಕ್ಕನ ಕಪ್ಪು ಕೈಗಳನ್ನು ಬಹಳ ಹೊತ್ತು ನೋಡಿದನಂತೆ. ಕೊನೆಗೆ ತಾನೇ ನನ್ನ ಕೈಯನ್ನು ಮಾಮಾನ ಕೈಯಲ್ಲಿಟ್ಟನಂತೆ. ನನ್ನನ್ನು ಉಳಿಸಿಕೊಳ್ಳಲು ಅಕ್ಕ ಮಾಡಿದ್ದೇ ನನ್ನನ್ನು ಕಳಿಸಿತು.

ರಜೆಗೆ ಊರಿಗೆ ಬಂದಾಗ ಅಪ್ಪನ ಕೂದಲು ಬುಡದಿಂದ ಬೆಳ್ಳಗೆ ಬೆಳೆದಿತ್ತು, ತುದಿಯಲ್ಲಷ್ಟೇ ಕಪ್ಪು. ಅದನ್ನು ಕತ್ತರಿಸಲು ಅವನು ಯಾರಿಗೂ ಬಿಟ್ಟಿರಲಿಲ್ಲ.

ಮೊನ್ನೆ ಭಾನುವಾರ ಬೆಳಗಾವಿಯ ಶಿವಬಸವ ನಗರದ ನಿಮ್ಮ ಮನೆಯ ಬಚ್ಚಲಲ್ಲಿ ನೀವು ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು, ಮೊಬೈಲು ನೋಡಿಕೊಂಡು, ಒಬ್ಬರ ಕೂದಲಿಗೊಬ್ಬರು ನೀಲಿ ಬಣ್ಣ ಹಚ್ಚಿಕೊಂಡಿರಿ. ನೀಲಿ ಬೇಸರವಾದರೆ ಕೆಂಪು. ಅದಕ್ಕಾಗಿ ಯಾರೂ ನಿಮ್ಮನ್ನು ಎಲ್ಲಿಗೂ ಒಯ್ಯುವುದಿಲ್ಲ. ಅದು ಹಾಗೇ ಇರಲಿ. ನನಗೂ ಹಚ್ಚುತ್ತೇವೆ ಎಂದು ಕರೆದಿರಿ. ನಾನು ಒಲ್ಲೆ ಎಂದು ಎದ್ದು ಹೋದದ್ದಕ್ಕೆ ಅಜ್ಜನಿಗೆ ಸಿಟ್ಟು ಬಂತು ಅಂದುಕೊಂಡಿರಿ.

ಸಿಟ್ಟಲ್ಲ. ಬಸ್ಸು ಹೊರಟಾಗ ಕಿಟಕಿಯ ಹೊರಗೆ ಅಕ್ಕ ಒಂದು ಕೈ ಎತ್ತಿದಳು. ಬಿಸಿಲಿತ್ತೋ ಮೋಡವಿತ್ತೋ ಎಂದು ನಾವಿಬ್ಬರೂ ಇಂದಿಗೂ ಜಗಳವಾಡುತ್ತೇವೆ. ಆ ಕೈ ಕಪ್ಪಗಿತ್ತು ಎಂಬುದರ ಬಗ್ಗೆ ಮಾತ್ರ ಜಗಳವಿಲ್ಲ.